ಬಸಲಿಂಗನ ಬೆರಳು

ನಮ್ಮ ಕಾರ್ಖಾನೆಯಲ್ಲಿ ಈವರೆಗೆ ಯಾವುದೇ ಅಪಘಾತ ಸಂಭವಿಸಿಲ್ಲ. ಜಿಗಣಿಯ ರಸ್ತೆಗೆ ಕಾಣುವಂತೆ ಗೇಟಿನ ಮೇಲೆ ಹಾಕಿರುವ ಫಲಕವೂ ಇದನ್ನೇ ಹೇಳುತ್ತದೆ. ಲೋಹದ ತಗಡು ಒತ್ತುವ ಪ್ರೆಸ್ ವಿಭಾಗದ ಯಂಕಪ್ಪನ ಎಡಗೈ ತೋರುಬೆರಳು ಹೋದ ವರ್ಷ ಅರ್ಧಕ್ಕೆ ತುಂಡಾದದ್ದು ನಿಜ. ಆದರೆ ಅದು ಊಟದ ವಿರಾಮಕ್ಕೆ ಸ್ವಲ್ಪ ಮುಂಚೆ ನಡೆದದ್ದರಿಂದ, ವಿರಾಮದಲ್ಲಿ ನಡೆದ ಖಾಸಗಿ ವಿಷಯವೆಂದು ಪರಿಗಣಿಸಲಾಯಿತು. ಹಾಗೆ ಪರಿಗಣಿಸಿದವನು ಸುರಕ್ಷತಾ ಅಧಿಕಾರಿಯಾದ ನಾನೇ.

ಅಂದಿನಿಂದ ಯಂಕಪ್ಪನದು ಒಂದೇ ಬೇಡಿಕೆ. ಕೈ ಅಡ್ಡ ಬಂದರೆ ಪ್ರೆಸ್ಸನ್ನು ತಾನಾಗಿ ನಿಲ್ಲಿಸುವ ಸೆನ್ಸರ್ ಒಂದಿರುತ್ತದೆ. ಅವನ ಮಷಿನ್ನಿನದು ಕೆಟ್ಟು ಬಹಳ ಕಾಲವಾಗಿದೆ.

"ಅದೊಂದ್ ಹಾಕಿಸ್ರಿ ಸಾರ್. ಇಲ್ಲಾಂದ್ರ ನನ್ನ ಸ್ಟೋರ್ ರೂಮಿನ ಕೆಲಸಕ್ಕ ಹಾಕ್ರಿ. ಉಳದ ಬೆರಳರ ಉಳೀಲಿ."

ಅಪಘಾತವೇ ಆಗದ ಕಡೆ ಸೆನ್ಸರ್ ಕೊಳ್ಳಲು ಕಾರಣ ತೋರಿಸಲು ಬರುವುದಿಲ್ಲ ಎಂದು ನಾನು ಅವನಿಗೆ ಸಹನೆಯಿಂದ ವಿವರಿಸಿದೆ.

ಅಷ್ಟರಲ್ಲಿ ಮುಖ್ಯ ಕಚೇರಿಯ ಸುತ್ತೋಲೆ ಬಂತು: "ಸುರಕ್ಷತಾ ಸಪ್ತಾಹದ ಅಂಗವಾಗಿ ಪ್ರತಿ ಘಟಕವೂ ಒಂದು ಕಿರುಚಿತ್ರ ತಯಾರಿಸತಕ್ಕದ್ದು. ಚಿತ್ರವು ಮನ ಕಲಕುವಂತಿರತಕ್ಕದ್ದು. ಮನ ಕಲಕಲು ವಿಫಲವಾದ ಘಟಕಗಳು ಲಿಖಿತ ವಿವರಣೆ ನೀಡತಕ್ಕದ್ದು."

ಚಿತ್ರಕಥೆಯ ಹೊಣೆ ನನ್ನ ಹೆಗಲಿಗೆ ಬಿತ್ತು. ನಾನು ಸಾಹಿತಿ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಕುಡಿಯುವ ನೀರಿನ ನಲ್ಲಿಯ ಮೇಲೆ ಬರೆದಿರುವ "ಹನಿ ಹನಿಯೂ ಅಮೂಲ್ಯ" ನನ್ನದೇ. ಶೌಚಾಲಯದ ಬಾಗಿಲ ಮೇಲಿನದು ಇನ್ನೂ ಪ್ರೌಢವಾದ ಕೃತಿ.

ಪಾತ್ರ ಹುಡುಕುತ್ತ ವಾರವಿಡೀ ಕಿಟಕಿಯಾಚೆ ನೋಡುತ್ತ ಕೂತೆ. ಕಿಟಕಿಯಾಚೆ ಯಂಕಪ್ಪ ಕೆಲಸ ಮಾಡುತ್ತಿದ್ದ. ಕೊನೆಗೂ ಕಲ್ಪನೆ ಕೈಹಿಡಿಯಿತು. ಉತ್ತರ ಕರ್ನಾಟಕದಿಂದ ಬಂದ ಬಸಲಿಂಗ ಎಂಬ ಪ್ರೆಸ್ ಆಪರೇಟರ್. ಅವನ ಬೆರಳು ತುಂಡಾಗುತ್ತದೆ. ಇಂಥದ್ದೆಲ್ಲ ನನಗೆ ಎಲ್ಲಿಂದ ಹೊಳೆಯುತ್ತದೋ ಎಂದು ನನಗೇ ಆಶ್ಚರ್ಯವಾಯಿತು.

ಸಭೆಯಲ್ಲಿ ಕಥೆ ಓದಿದೆ.

"ನಮ್ಮಲ್ಲಿ ಆಕ್ಸಿಡೆಂಟೇ ಆಗಲ್ವಲ್ರೀ?" ಎಂದರು ಮ್ಯಾನೇಜರ್ ಶಶಿಕುಮಾರ್.

"ಇದು ಬರೀ ಕಲ್ಪನೆ ಸಾರ್."

"ಹಂಗಾದ್ರೆ ಆಗ್ಲಿ ಬಿಡಿ. ಆಮೇಲೆ ಅವನಿಗೆ ಏನ್ಮಾಡ್ತೀವಿ?"

"ಪಟ್ಟಿ ಕಟ್ಟಿಸಿ ಅದೇ ಮಷಿನ್ನಿಗೆ ವಾಪಸ್ ಹಾಕ್ತೀವಿ ಸಾರ್."

ಸಭೆ ಬೆಚ್ಚಿಬಿತ್ತು. "ಥೂ, ನೀವೇನ್ ಮನುಷ್ಯರೇನ್ರೀ?" ಎಂದರು ಸಿಬ್ಬಂದಿ ವಿಭಾಗದ ವನಜಾ ಮೇಡಂ. "ಬೆರಳು ಹೋದವನನ್ನ ಮತ್ತೆ ಪ್ರೆಸ್ಸಿಗೆ ಹಾಕೋದಾ? ಇದನ್ನ ಯಾರಾದ್ರೂ ನಂಬ್ತಾರಾ?"

ನಾನು ತಲೆತಗ್ಗಿಸಿದೆ. ಪಾತ್ರಪೋಷಣೆಯಲ್ಲಿ ನಾನು ಮೊದಲಿನಿಂದಲೂ ಸ್ವಲ್ಪ ಹಿಂದೆ. ಸಭೆಯ ತೀರ್ಮಾನದಂತೆ ಬಸಲಿಂಗನಿಗೆ ದೊಡ್ಡಾಸ್ಪತ್ರೆ, ಸಂಬಳ ಸಹಿತ ರಜೆ, ಸ್ಟೋರಿನಲ್ಲಿ ಹಗುರ ಕೆಲಸ ಮಂಜೂರಾದವು. ಅವನ ಪ್ರೆಸ್ಸಿಗೆ ಹೊಸ ಸೆನ್ಸರ್ ಬಂತು. ಕೊನೆಯ ದೃಶ್ಯದಲ್ಲಿ ಮ್ಯಾನೇಜರ್ ಖುದ್ದಾಗಿ ಸೇಬುಹಣ್ಣು ಹಿಡಿದು ಅವನನ್ನು ನೋಡಲು ಹೋಗುತ್ತಾರೆ. ಅದನ್ನು ಓದುವಾಗ ಶಶಿಕುಮಾರ್ ಕರ್ಚೀಫಿನಿಂದ ಕಣ್ಣೊರೆಸಿಕೊಂಡರು.

"ಪಾಪ ಕಣ್ರೀ ಆ ಹುಡುಗ. ಕೂರೋಕೆ ಒಂದು ಒಳ್ಳೆ ಕುರ್ಚಿನೂ ಕೊಟ್ಬಿಡಿ."

ಕುರ್ಚಿಯೂ ಸರ್ವಾನುಮತದಿಂದ ಅಂಗೀಕಾರವಾಯಿತು.

ಬಸಲಿಂಗನ ಪಾತ್ರಕ್ಕೆ ಯಂಕಪ್ಪನನ್ನು ಆರಿಸಲಾಯಿತು. ಮೇಕಪ್ಪಿನ ಖರ್ಚು ಉಳಿಯುತ್ತದೆ ಎಂಬುದು ಅವನ ಪರವಾಗಿದ್ದ ಮುಖ್ಯ ಅಂಶ. ಅವನು ಪ್ರೆಸ್ಸಿಗೆ ಕೈ ಹಾಕುವ ದೃಶ್ಯವನ್ನು ಮಾತ್ರ ಮತ್ತೆ ಮತ್ತೆ ತೆಗೆಯಬೇಕಾಯಿತು. "ಕೈ ನಡುಗೋದು ಸ್ವಲ್ಪ ಜಾಸ್ತಿ ಆಯ್ತು. ನ್ಯಾಚುರಲ್ಲಾಗಿ ಬರ್ಲಿ," ಎನ್ನುತ್ತಿದ್ದರು ಶಶಿಕುಮಾರ್.

ಚಿತ್ರೀಕರಣಕ್ಕೆಂದು ಬಾಡಿಗೆಗೆ ತಂದ ಸೆನ್ಸರ್ ಪ್ರೆಸ್ಸಿನ ಮೇಲೆ ಹಸಿರು ದೀಪ ಉರಿಸುತ್ತಿತ್ತು. ಸ್ಟೋರಿನ ದೃಶ್ಯದಲ್ಲಿ ಯಂಕಪ್ಪ ಮೆತ್ತನೆಯ ಕುರ್ಚಿಯಲ್ಲಿ ಕೂತು ಸೇಬು ತಿಂದ. ಅವನು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

"ಸಾರ್, ಇದು ಹಿಂಗೇ ಇರ್ತದೇನ್ರಿ?"

"ಕಟ್ ಅನ್ನೋವರೆಗೂ ಇರುತ್ತಪ್ಪ."

ಕಟ್ ಆದ ಮೇಲೆ ಸೆನ್ಸರನ್ನು ಬಿಚ್ಚಿ ಅಂಗಡಿಗೆ ಹಿಂದಿರುಗಿಸಲಾಯಿತು. ಕುರ್ಚಿ ಮ್ಯಾನೇಜರ್ ಕ್ಯಾಬಿನ್ನಿಗೆ ಮರಳಿತು. ಸೇಬನ್ನು ಮರಳಿ ಪಡೆಯುವುದು ಸಾಧ್ಯವಿಲ್ಲದ ಕಾರಣ ವಿಶೇಷ ಪ್ರಕರಣವೆಂದು ಭಾವಿಸಿ ಕೈಬಿಡಲಾಯಿತು. ಯಂಕಪ್ಪ ತನ್ನ ಮಷಿನ್ನಿಗೆ ಹೋದ.

ನಮ್ಮ ಚಿತ್ರಕ್ಕೆ ಮೊದಲ ಬಹುಮಾನ ಬಂತು. "ಎಂದೂ ನಡೆಯದ ಘಟನೆಯನ್ನು ಕಣ್ಣಿಗೆ ಕಟ್ಟುವಂತೆ ಕಲ್ಪಿಸಿದ್ದಕ್ಕಾಗಿ" ಎಂದು ಪ್ರಶಸ್ತಿಪತ್ರದಲ್ಲಿದೆ. ನನಗೆ ಶಾಲು ಹೊದಿಸಿ ಮೈಸೂರು ಪೇಟ ತೊಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಯಂಕಪ್ಪನೂ ತಟ್ಟಿದ. ಅವನ ಕಡೆ ನೋಡಲು ನನಗೆ ಸಂಕಟವಾಗುತ್ತಿತ್ತು. ಪುಣ್ಯಕ್ಕೆ ಪೇಟ ಕಣ್ಣಿನವರೆಗೂ ಇಳಿದಿತ್ತು.

ಮೊನ್ನೆ ಯಂಕಪ್ಪ ಮತ್ತೆ ನನ್ನ ಕೋಣೆಗೆ ಬಂದ. ಸೆನ್ಸರಿನ ಮಾತೆತ್ತಲಿಲ್ಲ.

"ಎರಡ್ನೇ ಭಾಗ ಯಾವಾಗ ಬರೀತೀರಿ ಸಾರ್? ಶೂಟಿಂಗ್ ನಡದಾಗರೆ ಮಷಿನಿಗೆ ಸೆನ್ಸರ್ ಇರ್ತದ."

"ಬರೀಬಹುದಪ್ಪ. ಆದ್ರೆ ಹೊಸ ಘಟನೆ ಬೇಕಲ್ಲ? ಅದೇ ಬೆರಳನ್ನ ಮತ್ತೆ ತೋರಿಸೋಕಾಗಲ್ಲ."

ಅವನು ಉಳಿದ ಬೆರಳುಗಳನ್ನು ಒಮ್ಮೆ ನೋಡಿಕೊಂಡ.

"ಆಗ್ಲಿ ಸಾರ್, ನೋಡೂಣು," ಎಂದು ಹೋಗಿ ಮಷಿನ್ ಶುರು ಮಾಡಿದ.

ನಾನೂ ಕಿಟಕಿ ತೆರೆದು, ಪೆನ್ನಿನ ಕ್ಯಾಪ್ ತೆಗೆದು ಕೂತಿದ್ದೇನೆ.