ಮಾಸ್ತರರು ಎಷ್ಟು ಸಲ ಎದ್ದರು?

ಮಕ್ಕಳಿಗೆ ಸಿನಿಮಾ ತೋರಿಸಲು ಹೊರಟ ದಿನದಿಂದ ನನಗೆ ನಗೆಗೆ ಬರವಿಲ್ಲ. ಶಹಾಬಾದಿನ ನಮ್ಮ ಓಣಿಯ ವಾಚನಾಲಯ ನೋಡಿಕೊಳ್ಳುವವಳು ನಾನು. ಶನಿವಾರ ಸಂಜೆ ಅಲ್ಲಿಯ ಬಿಳಿ ಗೋಡೆಯ ಮೇಲೆ ಸಿನಿಮಾ ಹಾಕುತ್ತೇನೆ. ಏಳು, ಹದಿಮೂರು, ಹದಿನಾರು ಎಂದು ಸರ್ಟಿಫಿಕೇಟಿನಲ್ಲಿ ವಯಸ್ಸು ಇದ್ದೇ ಇರುತ್ತದೆ. ಓಣಿಯ ತಾಯಂದಿರಿಗೆ ಅದು ಸಾಲದು. ನಿವೃತ್ತ ಮಾಸ್ತರರು ಮೊದಲು ನೋಡಿ ಹೂಂ ಎನ್ನಬೇಕು. ಅವರು ಒಲ್ಲೆ ಎಂದರೆ ಶನಿವಾರದ ಆಟಕ್ಕೆ ಬೀಗ. ಹೀಗಾಗಿ ಶುಕ್ರವಾರ ಮಾಸ್ತರರು, ಬಟ್ಟೆ ಹೊಲಿಯುವ, ಓಣಿಗೆಲ್ಲ ಚಿಕ್ಕಮ್ಮನಂತಿರುವ ಖಾಲಾ, ನಾನು ಮೂವರೂ ಕೂತು ನೋಡುತ್ತೇವೆ.

೧. ಗೋಡೆಯ ತುಂಬ ಮಾಸ್ತರರು

ಕಣ್ಣಿಗೆ ಸರಿಬೀಳದ್ದು ಬಂದರೆ ಮಾಸ್ತರರು ಎದ್ದು ಪ್ರೊಜೆಕ್ಟರಿನ ಮುಂದೆ ನಿಲ್ಲುತ್ತಾರೆ. ಮೊದಲ ಸಿನಿಮಾದಲ್ಲಿ ನಾಯಕ ನಾಯಕಿಯ ಕೈ ಹಿಡಿದ, ಎದ್ದರು. ಮಗ ಅಪ್ಪನಿಗೆ ಎದುರು ಮಾತಾಡಿದ, ಮತ್ತೆ ಎದ್ದರು. ಖಾಲಾಗೆ ತಾಳ್ಮೆ ಕೆಟ್ಟಿತು.

"ಕುಂದರ್ರಿ ಮಾಸ್ತರ್ರ. ಹೀರೋಗಿಂತ ನೀವೇ ಭಾಳ ಕಾಣ್ಲಿಕತ್ತೀರಿ."

ಸುದ್ದಿ ಮಕ್ಕಳಿಗೂ ಮುಟ್ಟಿತು. ಈಗ ಅವರು ಸರ್ಟಿಫಿಕೇಟು ಕೇಳುವುದಿಲ್ಲ, ಮಾಸ್ತರರು ಎಷ್ಟು ಸಲ ಎದ್ದರು ಎಂದು ಕೇಳುತ್ತಾರೆ. ಒಂದೆರಡು ಸಲ ಎದ್ದರೆ ಎಲ್ಲರಿಗೂ ಪ್ರವೇಶ, ಮೂರು ಸಲ ಎದ್ದರೆ ಹದಿಮೂರು ತುಂಬಿದವರಿಗೆ. ಅದಕ್ಕೂ ಮೇಲಾದರೆ ಆಟವೇ ಇಲ್ಲ.

೨. ಬಸ್ಸಿನ ವಯಸ್ಸು

ಹದಿಮೂರರ ಸಿನಿಮಾಕ್ಕೆ ಒಬ್ಬ ತಾಯಿ ಮಗನನ್ನು ಕರೆತಂದು, ಹದಿಮೂರು ತುಂಬಿದೆ ಎಂದಳು. ಹಿಂದಿನ ವಾರವಷ್ಟೇ ವಾಡಿಗೆ ಹೋಗುವ ಬಸ್ಸಿನಲ್ಲಿ ಅವನಿಗೆ ಅವಳು ಅರ್ಧ ಟಿಕೆಟ್ ಕೇಳಿದ್ದನ್ನು ನಾನೇ ಕಂಡಿದ್ದೆ. ನೆನಪಿಸಿದೆ.

"ಅದು ಬಸ್ಸಿನ ವಯಸ್ಸರಿ, ಅಕ್ಕೋರ."

೩. ಬಾವಿಯ ದೆವ್ವ

ದೆವ್ವದ ಈ ಸಿನಿಮಾಕ್ಕೆ ಮಕ್ಕಳು ಬಾಯಿ ಬಿಟ್ಟುಕೊಂಡು ಕಾದಿದ್ದರು. ಸರ್ಟಿಫಿಕೇಟಿನಲ್ಲಿ ಏಳು ದಾಟಿದವರಿಗೆ ಎಂದಿತ್ತು. ಶುಕ್ರವಾರ ಮಾಸ್ತರರ ಜೊತೆ ಮೂರನೇ ತರಗತಿಯ ಮೊಮ್ಮಗಳೂ ಬಂದಳು. ಬಾವಿಯಿಂದ ದೆವ್ವ ತಲೆ ಎತ್ತಿದ್ದೇ ತಡ, ಮಾಸ್ತರರು ಎದ್ದರು. ಕೂತರು, ಮತ್ತೆ ಎದ್ದರು. ನಾಲ್ಕನೇ ಸಲ ಎದ್ದಾಗ ಆಟಕ್ಕೆ ಬೀಗ ಬಿತ್ತೆಂದುಕೊಂಡೆ. ಮಕ್ಕಳಿಗೆ ಏನು ಹೇಳಲಿ? ಆದರೆ ಅವರು ಪ್ರೊಜೆಕ್ಟರಿನ ಕಡೆಗಲ್ಲ, ಬಾಗಿಲ ಕಡೆಗೆ ಹೊರಟಿದ್ದರು. ಮೊಮ್ಮಗಳು ಧೋತರ ಹಿಡಿದು ಕೂರಿಸಿದಳು.

"ಅಂಜಬ್ಯಾಡ ಮುತ್ಯಾ. ಕಣ್ಣು ಮುಚ್ಕೋ, ದೆವ್ವ ಹೋದ ಮ್ಯಾಲ ಹೇಳ್ತೀನಿ."

ದೀಪ ಹಾಕಿದಾಗ ಮಾಸ್ತರರು ಮುಖ ಒರೆಸಿಕೊಳ್ಳುತ್ತ ತೀರ್ಪನ್ನು ಖಾಲಾಗೆ ಬಿಟ್ಟರು. ಖಾಲಾ ನಗಲಿಲ್ಲ.

"ಹುಡುಗರೆಲ್ಲ ಬರ್ಲಿ. ಅರವತ್ತು ದಾಟಿದವರು ಮಾತ್ರ ಜೋಡಿ ಒಂದು ಸಣ್ಣ ಕೂಸಿನ್ನ ಕರ್ಕೊಂಡು ಬರಬೇಕು."

ಮಾಸ್ತರರು ಮುನಿದು ಆಟ ನಿಲ್ಲಿಸಿಯಾರು ಎಂಬ ಭಯ ನನಗೆ ಮರುದಿನ ಸಂಜೆಯವರೆಗೂ ಇತ್ತು. ಎಲ್ಲರಿಗಿಂತ ಮೊದಲು ಬಂದವರು ಅವರೇ. ಬಾಗಿಲಲ್ಲಿ ನಿಂತು ಮೊಮ್ಮಗಳ ಕೈಯನ್ನು ಎತ್ತಿ ತೋರಿಸಿದರು.

"ನನ್ನ ಜೋಡಿ ದೊಡ್ಡವರು ಬಂದಾರ. ಒಳಗ ಬಿಡ್ರಿ."