ಸ್ಟೂಲು ಕೋರಿ ಯಂತ್ರಕುಮಾರಿಗೊಂದು ಮನವಿ

ಮಾನ್ಯ ಯಂತ್ರಕುಮಾರಿಯವರೇ,

ಮಾಲೂರಿನ ಬಳಿ ಕಾರಿನ ವೈರು ಜೋಡಿಸುವ ಕಾರ್ಖಾನೆಯಲ್ಲಿ ದುಡಿಯುವ ಲಕ್ಕೂರಿನ ಗಂಗಾ ತಮ್ಮ ಲೋಹಪಾದಗಳಿಗೆ ಸಾಷ್ಟಾಂಗವೆರಗುತ್ತಾಳೆ. ಲೈನಿನಲ್ಲಿ ಅಡ್ಡ ಬೀಳಲು ಅನುಮತಿ ಇಲ್ಲದ ಕಾರಣ ನಿಂತೇ ಎರಗಿದ್ದಾಳೆಂದು ತಿಳಿಯತಕ್ಕದ್ದು.

ಕಳೆದ ಶನಿವಾರ ನಮ್ಮ ಮನೋವಿಕಾಸಕ್ಕೆಂದು ಕ್ಯಾಂಟೀನಿನ ಗೋಡೆಯ ಮೇಲೆ ತಾವು ನಾಯಕಿಯಾಗಿರುವ ಜಪಾನಿ ಅನಿಮೆ ಕಾರ್ಟೂನು ಚಿತ್ರವನ್ನು ತೋರಿಸಿದರು. ಇನ್ನೂರು ವರ್ಷ ಮುಂದಿನ ಕಥೆಯಂತೆ. ಹಗಲಿರುಳು ದುಡಿಯುವ ರೋಬೋ ಆದ ತಾವು ಒಂದು ದಿನ ಕೆಲಸ ಬಿಟ್ಟು ಹೂಮರದ ಕೆಳಗೆ ಏಳು ನಿಮಿಷ ಸುಮ್ಮನೆ ಕೂತಿರಿ. ದಣಿದು ಕೂರಬೇಕೆನಿಸಿದ ಜೀವ ಯಂತ್ರವಲ್ಲ, ಮನುಷ್ಯಳೇ ಎಂದು ನ್ಯಾಯಾಧೀಶರು ತೀರ್ಪಿತ್ತರು. ನಮ್ಮ ಸೂಪರ್‌ವೈಸರ್ ಅಮರನಾಥ್ ಅವರು ಕರವಸ್ತ್ರ ಒದ್ದೆಯಾಗುವಷ್ಟು ಅತ್ತರು. ಅಂಥ ಮೃದು ಹೃದಯದವರ ಕೈಕೆಳಗಿದ್ದೇವೆಂದು ನಾವೆಲ್ಲ ಹೆಮ್ಮೆಪಟ್ಟೆವು.

ಸೋಮವಾರ, ನನ್ನ ಪಕ್ಕ ನಿಲ್ಲುವ ಮಾನಸ, ಏಳು ತಿಂಗಳ ಬಸುರಿ, ಖಾಲಿ ಕ್ರೇಟು ಮಗುಚಿ ಎರಡೇ ನಿಮಿಷ ಕೂತಳು. ತಮಗಿಂತ ಐದು ನಿಮಿಷ ಕಡಿಮೆ ಎಂಬುದನ್ನು ಗಮನಿಸಬೇಕು. "ಏನಮ್ಮಾ, ಇದೇನು ನಿಮ್ಮನೆ ಜಗಲೀನಾ?" ಎಂದ ಅದೇ ಅಮರನಾಥ್ ಅವರು ಕೈಗೆ ಮೆಮೋ ಕೊಟ್ಟರು, ಇನ್ನೊಮ್ಮೆ ಕೂತರೆ ಕೆಲಸಕ್ಕೆ ಬರಬೇಕಾಗಿಲ್ಲವಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅವಳ ಪಾದ ಬಾತು ಚಪ್ಪಲಿಗೆ ತೂರುತ್ತಿಲ್ಲ. "ಅಕ್ಕಾ, ಅಳು ನಂಗೂ ಬರ್ತೈತೆ, ಆದ್ರೆ ಲೈನು ನಿಲ್ಲಲ್ವಲ್ಲ" ಅಂದಳು. ಅದಕ್ಕೇ ಈ ಪತ್ರ.

ಆದ್ದರಿಂದ ತಾವು ಇನ್ನೂರು ವರ್ಷ ಹಿಂದಕ್ಕೆ ದಯಮಾಡಿಸಿ, ಮಾನಸ ಮನುಷ್ಯಳೆಂಬ ಪ್ರಮಾಣಪತ್ರಕ್ಕೆ ರುಜು ಹಾಕಿಕೊಡಬೇಕು. ನಮ್ಮ ಮಾತು ಇಲ್ಲಿ ನಡೆಯದು. ತಮ್ಮ ನ್ಯಾಯಾಲಯದ ಸೀಲು ಇದ್ದರೆ ಒಳ್ಳೆಯದು. ಅದಾಗದಿದ್ದರೆ ಅವಳನ್ನು ತಮ್ಮ ಯಂತ್ರಕುಲಕ್ಕೆ ಸೇರಿಸಿಕೊಳ್ಳಿ. ಹೊಟ್ಟೆಯಲ್ಲಿರುವ ಕೂಸನ್ನು ಬಿಡಿಭಾಗವೆಂದು ಬರೆದುಕೊಂಡರೂ ನಮ್ಮ ತಕರಾರಿಲ್ಲ. ಎರಡೂ ಕಷ್ಟವೆಂದರೆ ಒಂದು ಸ್ಟೂಲು ಕಳಿಸಿ, ಬೆನ್ನಿಗೆ ಆಸರೆ ಇಲ್ಲದಿದ್ದರೂ ನಡೆಯುತ್ತದೆ.

ನಿಂತ ಕಾಲಿನಲ್ಲೇ ಉತ್ತರಕ್ಕೆ ಕಾಯುವ,
ತಮ್ಮ ವಿಶ್ವಾಸಿ,
ಗಂಗಾ

ಮರೆತ ಮಾತು: ಈ ವಾರ ನಮ್ಮ ಲೈನಿಗೆ ಹೊಸ ಯಂತ್ರದ ತೋಳೊಂದು ಬಂದಿದೆ, ತಮ್ಮ ದೂರದ ಸಂಬಂಧಿಯಿರಬೇಕು. ಬಿಸಿಯೇರುತ್ತದೆಂದು ಅದಕ್ಕೆ ಎರಡು ಗಂಟೆಗೊಮ್ಮೆ ಹತ್ತು ನಿಮಿಷ ವಿಶ್ರಾಂತಿ. ಆ ಹತ್ತು ನಿಮಿಷವೂ ಮಾನಸ ಪಕ್ಕದಲ್ಲಿ ನಿಂತು ಅದರ ಎಣ್ಣೆ ಒರೆಸಬೇಕು.