ಗುರುಶಾಂತವ್ವನ ಮೊಣಕಾಲು

ನೀಲಗಂಗವ್ವನ ನಿದ್ದೆ ಕೆಡಿಸಿದ್ದು ಒಂದು ಮೊಣಕಾಲು. ಅದೂ ತನ್ನದಲ್ಲ, ಎದುರು ಮನೆಯ ಗುರುಶಾಂತವ್ವನದು. ಎಡಗಾಲಿನದು.

ಬನವಾಸಿಯಿಂದ ನಾಲ್ಕು ಮೈಲಿ ಆಚೆಗಿದ್ದ ಆ ಊರಿಗೆ ಒಂದು ವಿಚಿತ್ರ ತೊಂದರೆ ಇತ್ತು. ದೀಪಾವಳಿ ಮುಗಿದು ಗೋವಿನಜೋಳ ಒಣಗಿಸುವ ಹೊತ್ತಿಗೆ ಟೀವಿಯವರು ದಿನಾ ಸಂಜೆ, "ಮಲೆನಾಡಿನಲ್ಲಿ ಅಲ್ಲಲ್ಲಿ ಮಳೆ, ಬಯಲುಸೀಮೆಯಲ್ಲಿ ಒಣಹವೆ" ಎನ್ನುತ್ತಿದ್ದರು. ಊರಿನ ಪಡುವಣಕ್ಕೆ ಶಿರಸಿಯ ಕಾಡು, ಮೂಡಣಕ್ಕೆ ಹಾನಗಲ್ಲಿನ ಬಯಲು. ಊರು ಯಾವುದಕ್ಕೆ ಸೇರಿದ್ದು ಎಂದು ಮಾತ್ರ ಟೀವಿಯವರು ಒಂದು ದಿನವೂ ಹೇಳಲಿಲ್ಲ. ಕೆರೆಯ ಆಚೆ ದಡದವರು ತಾವು ಮಲೆನಾಡಿನವರೆಂದು ಕಾಳು ಮುಚ್ಚಿಟ್ಟು ಬೂಸಲು ಹಿಡಿಸಿಕೊಂಡರು. ಈಚೆ ದಡದವರು ತಾವು ಬಯಲುಸೀಮೆಯವರೆಂದು ಹರವಿ ತೋಯಿಸಿಕೊಂಡರು.

ಈ ಗೊಂದಲದ ನಡುವೆ ಮೂರು ವರ್ಷದ ಹಿಂದೆ ಗುರುಶಾಂತವ್ವನ ಮೊಣಕಾಲು ಪ್ರಸಿದ್ಧಿಗೆ ಬಂತು. ಬೆಳಿಗ್ಗೆ ಎಂಟರ ಹೊತ್ತಿಗೆ ಆಕೆ ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಾಳೆ. ಮೊಣಕಾಲು ತಿಕ್ಕುತ್ತ ಅತ್ತಿತ್ತ ನೋಡುತ್ತಾಳೆ. ಅವಸರ ಮಾಡಿದವರಿಗೆ, "ತಡೀರಿ, ಇನ್ನೂ ಮೊಣಕಾಲು ಎದ್ದಿಲ್ಲ" ಎನ್ನುತ್ತಾಳೆ. ಕೊನೆಗೆ "ಹಾಕ್ರಿ" ಅಂದರೆ ಬಿಸಿಲು, "ಬ್ಯಾಡ" ಅಂದರೆ ಮಳೆ. ಒಂದು ಸಲವೂ ತಪ್ಪಿದ್ದಿಲ್ಲ.

ಅಂದಿನಿಂದ ಓಣಿಯ ಮೊದಲ ಚಹಾ ಗುರುಶಾಂತವ್ವನಿಗೆ. ಹಿತ್ತಲಿನ ಮೊದಲ ಬದನೆಕಾಯಿ ಗುರುಶಾಂತವ್ವನಿಗೆ. ಶಿರಸಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಗುರುಶಾಂತವ್ವನ ಮೊಣಕಾಲಿಗೆ. ಇದನ್ನೆಲ್ಲ ನೋಡುತ್ತ ನೀಲಗಂಗವ್ವನ ಹೊಟ್ಟೆಯೊಳಗೆ ಬ್ಯಾಡಗಿ ಮೆಣಸಿನಕಾಯಿ ಹುರಿದ ಹಾಗಾಗುತ್ತಿತ್ತು.

"ನನಗ ಎರಡೂ ಮೊಣಕಾಲು ನೋಯ್ತಾವು. ಒಬ್ಬರರ ಕೇಳ್ಯಾರೇನು?" ಎಂದಳು ಗಂಡ ಅಂದಾನಪ್ಪನ ಮುಂದೆ.

"ದಿನಾ ನಾನು ಕೇಳಾಕತ್ತೀನಲ್ಲ," ಎಂದ ಅಂದಾನಪ್ಪ, ಎಲೆಗೆ ಸುಣ್ಣ ಹಚ್ಚುತ್ತ.

"ಆಕಿ ಬೇಕಂತ ಮಾಡ್ತಾಳ್ರಿ! ನಾನು ಕಾಳು ಹರವಿ ಸೊಂಟ ನೆಟ್ಟಗ ಮಾಡೂದರಾಗ 'ಬ್ಯಾಡ' ಅಂತಾಳ. ನಾನು ಮಗಳ ಮನಿಗೆ ಹೋದ ದಿನ ನೋಡ್ರಿ, 'ಹಾಕ್ರಿ'! ಊರ ಮಂದಿ ಕಾಳೆಲ್ಲಾ ಒಣಗಬೇಕು, ನಂದೊಂದು ಒಣಗಬಾರದು."

ಅದು ಸುಳ್ಳೇನೂ ಅಲ್ಲ. ಎದುರು ಮನೆಯವಳನ್ನು ಹೋಗಿ ಕೇಳುವುದುಂಟೇ ಎಂಬ ಹಟಕ್ಕೆ ನೀಲಗಂಗವ್ವ ಎಲ್ಲರಿಗಿಂತ ಮೊದಲೇ ಹರವುತ್ತಿದ್ದಳು, ತೋಯಿಸಿಕೊಳ್ಳುತ್ತಿದ್ದಳು. ಮೂರು ವರ್ಷದಿಂದ ಅವಳ ಜೋಳ ಒಣಗಿದ್ದು ಪಡಸಾಲೆಯಲ್ಲಿ, ಫ್ಯಾನಿನ ಗಾಳಿಗೆ. ಅಂದಾನಪ್ಪ ಕಾಳಿನ ಪಕ್ಕದಲ್ಲೇ, ಕಾಳಿನ ಹಾಗೆಯೇ ಮಗ್ಗುಲು ಬದಲಿಸುತ್ತ ಮಲಗುತ್ತಿದ್ದ.

ಈ ವರ್ಷ ಎಂಟು ಚೀಲ ಬಂದಿತ್ತು. ಇದನ್ನು ಬಿಸಿಲಿನಲ್ಲೇ ಒಣಗಿಸುತ್ತೇನೆ, ಅದೂ ಆ ಮೊಣಕಾಲಿನ ಕಣ್ಣೆದುರಿಗೆ ಎಂದು ನೀಲಗಂಗವ್ವ ಪಣ ತೊಟ್ಟಳು.

ಮಂಗಳವಾರ ಬೆಳಿಗ್ಗೆ ಆರಕ್ಕೇ ಎದ್ದು ಸಿದ್ದಾಪುರದ ಕಡೆಯ ದೊಡ್ಮನೆ ಎಂಬ ಊರಿಗೆ ಫೋನು ಹಚ್ಚಿದಳು. ಅಲ್ಲಿ ದ್ಯಾವಮ್ಮ ಎಂಬಾಕೆ ಇದ್ದಳು. ಶಿರಸಿಯಲ್ಲಿ ಇಬ್ಬರೂ ಒಂದೇ ದಿನ ಕಣ್ಣಿನ ಪೊರೆ ತೆಗೆಸಿಕೊಂಡು, ಪಕ್ಕದ ಮಂಚದಲ್ಲಿ ಮಲಗಿ ಗೆಳತಿಯರಾಗಿದ್ದರು.

"ಎಂತ ಮಳೆಯೂ ಇಲ್ಲೆ ಮಾರಾಯ್ತಿ. ಆಕಾಶ ತೊಳ್ದಿಟ್ಟಾಂಗೆ ಅದೆ," ಎಂದಳು ದ್ಯಾವಮ್ಮ.

ಆಮೇಲೆ ಹಾನಗಲ್ಲಿನ ಮಗಳಿಗೆ ಫೋನು. ಅಲ್ಲೂ ಚುಕ್ಕೆ ಮೋಡವಿಲ್ಲ. ಪಡುವಣಕ್ಕೂ ಬಿಸಿಲು, ಮೂಡಣಕ್ಕೂ ಬಿಸಿಲು, ನಡುವೆ ಇರುವ ನಮಗೆ ಮಳೆ ಎಲ್ಲಿಂದ ಬರಬೇಕು? ನೀಲಗಂಗವ್ವ ಸೆರಗು ಸಿಕ್ಕಿಸಿ ಓಣಿಯ ನಡುವೆ ನಿಂತು ಕೂಗಿದಳು.

"ಎಲ್ಲಾರೂ ಕೇಳ್ರಿ! ಇವತ್ತು ಸಂಜಿತನಕ ಬಿಸಲು! ಹಾಕ್ರಿ!"

ಪಕ್ಕದ ಮನೆಯ ದುರ್ಗಮ್ಮ ಹಲ್ಲುಜ್ಜುತ್ತ ಹೊರಗೆ ಬಂದಳು. "ಹೌದೇನ್ರಿ ಅಕ್ಕಾ? ಮೊಣಕಾಲು ಎದ್ದೈತೇನು?"

"ಮೊಣಕಾಲು ಅಲ್ಲವಾ, ನಾ ಹೇಳಾಕತ್ತೀನಿ!"

"ಓ," ಎಂದು ದುರ್ಗಮ್ಮ ಒಳಗೆ ಹೋದಳು.

ನೀಲಗಂಗವ್ವ ಹಲ್ಲು ಕಚ್ಚಿ ಎಂಟೂ ಚೀಲ ಡಾಂಬರು ರಸ್ತೆಗೆ ಸುರುವಿದಳು. ಅಂದಾನಪ್ಪ ಕಾಲಿನಿಂದ ಸಾಲು ಎಳೆದ. ಎಂಟಕ್ಕೆ ಗುರುಶಾಂತವ್ವ ಕಟ್ಟೆಗೆ ಬಂದಳು, ಕೂತಳು, ಎದುರಿಗೆ ನೋಡಿದಳು, ಮೊಣಕಾಲು ತಿಕ್ಕಿದಳು.

"ಬ್ಯಾಡ್ರಿ. ಮಳಿ ಐತಿ."

ಇಡೀ ಓಣಿ ಚೀಲದ ಬಾಯಿ ಕಟ್ಟಿತು.

ಆದರೆ ಒಂಬತ್ತಾಯಿತು, ಹನ್ನೊಂದಾಯಿತು, ಬಿಸಿಲು ಕಾದ ಹೆಂಚಿನ ಹಾಗೆ ಸುಡತೊಡಗಿತು. ನೀಲಗಂಗವ್ವ ಕಾಳಿನ ಪಕ್ಕ ಕುರ್ಚಿ ಹಾಕಿ, ಕಪ್ಪು ಕೊಡೆ ಬಿಚ್ಚಿ ಕೂತಳು.

"ಏನ್ ಮಾಡೂದ್ರಿ ಗುರುಶಾಂತಕ್ಕಾ, ಬಿಸಲಿಗೆ ಕೊಡಿ ಬೇಕಾತು," ಎಂದು ಓಣಿಯ ತುದಿಗೂ ಕೇಳುವಂತೆ ಅಂದಳು. "ಮೊಣಕಾಲು ಮಕ್ಕೊಂಡೈತೋ ಏನೋ, ಎಬ್ಬಸ್ರಿ."

ಗುರುಶಾಂತವ್ವ ಆಕಾಶವನ್ನು ನೋಡಲಿಲ್ಲ. ನೀಲಗಂಗವ್ವನ ಕಾಳನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಹೊಟ್ಟೆಕಿಚ್ಚು ಎಂದರೆ ಇದೇ ಎಂದು ನೀಲಗಂಗವ್ವನಿಗೆ ಜೀವ ತಂಪಾಯಿತು.

ಹನ್ನೆರಡಕ್ಕೆ ದುರ್ಗಮ್ಮನ ನಂಬಿಕೆ ಅಲುಗಾಡಿತು. "ಬಿಸಲು ಸುಮ್ನ ಹಾಳಾಗಾಕತ್ತೈತಲ್ರಿ," ಎಂದು ಒಂದು ಚೀಲ ಬಿಚ್ಚಿದಳು. ಅವಳನ್ನು ನೋಡಿ ಟ್ರ್ಯಾಕ್ಟರಿನ ಗಿರೀಶ ನಾಲ್ಕು ಚೀಲ ಇಳಿಸಿದ. ಅವನನ್ನು ನೋಡಿ ಉಳಿದವರು. ಎರಡು ಗಂಟೆಗೆ ಗುಡಿಯಿಂದ ಶಾಲೆಯವರೆಗೆ ರಸ್ತೆಯೆಲ್ಲ ಅರಿಶಿನ ಬಳಿದ ಹಾಗೆ ಕಾಣುತ್ತಿತ್ತು.

"ನಿಮ್ಮ ಮಾತು ಮೊದಲ ಕೇಳಬೇಕಿತ್ತು ಅಕ್ಕಾ," ಎಂದು ದುರ್ಗಮ್ಮ ಚಹಾ ತಂದುಕೊಟ್ಟಳು.

ಮೂರು ವರ್ಷದಿಂದ ಎದುರು ಕಟ್ಟೆಗೆ ಹೋಗುತ್ತಿದ್ದ ಚಹಾ! ನೀಲಗಂಗವ್ವ ಬಸಿಯನ್ನು ಎತ್ತರಕ್ಕೆ ಹಿಡಿದು, ಗುರುಶಾಂತವ್ವನಿಗೆ ಕಾಣುವಂತೆ ಒಂದು ಗುಟುಕು ಕುಡಿದಳು. ಎರಡನೆಯದನ್ನೂ ಕುಡಿದಳು. ಮೂರನೆಯದಕ್ಕೆ ಬಸಿ ತುಟಿಗೆ ಬರುವಷ್ಟರಲ್ಲಿ ಅದರೊಳಗೆ ಟಪ್ಪೆಂದು ಒಂದು ಹನಿ ಬಿತ್ತು.

ಕೆರೆಯ ಹಿಂದಿನಿಂದ, ಎಮ್ಮೆ ಎದ್ದು ಬಂದ ಹಾಗೆ, ಒಂದೇ ಒಂದು ಕರಿ ಮೋಡ ಬಂದು ಓಣಿಯ ಮೇಲೆ ನಿಂತಿತ್ತು.

ಆಮೇಲೆ ನಡೆದದ್ದು ಯಾರಿಗೂ ಸರಿಯಾಗಿ ನೆನಪಿಲ್ಲ. ದುರ್ಗಮ್ಮನೂ ಗಿರೀಶನೂ ಕಾಳು ಮುಚ್ಚುವ ಒಂದೇ ತಾಡಪತ್ರಿಯ ಎರಡು ತುದಿ ಹಿಡಿದು ಎಳೆದಾಡಿದರು, ಅದು ಹರಿದು ಇಬ್ಬರೂ ಕಾಳಿನ ಮೇಲೆ ಕೂತರು. ಅಂದಾನಪ್ಪ ಹಾಸಿಗೆ, ಕಂಬಳಿ, ಕೊನೆಗೆ ಟೀವಿಯ ಮೇಲೆ ಹೊದಿಸಿದ್ದ ಬಟ್ಟೆಯನ್ನೂ ತಂದು ಮುಚ್ಚಿದ. ನೀಲಗಂಗವ್ವನ ಕೊಡೆ ಗಾಳಿಗೆ ಮಗುಚಿಕೊಂಡು ಹೂವಾಯಿತು. ಗಟಾರದಲ್ಲಿ ಜೋಳ ಮೆರವಣಿಗೆ ಹೊರಟಿತು, ಹಿಂದಿನಿಂದ ಓಣಿಯ ಕೋಳಿಗಳು. ಕಾಲು ಗಂಟೆ ಸುರಿದ ಮಳೆ, ಕೆಲಸ ಮುಗಿಯಿತು ಎಂಬಂತೆ ನಿಂತುಹೋಯಿತು.

ನೀಲಗಂಗವ್ವ ದೊಡ್ಮನೆಗೆ ಫೋನು ಮಾಡಿದಳು.

"ಮಳೆಯಾ? ಇಲ್ಲೆ ಮಾರಾಯ್ತಿ. ಬಟ್ಟೆ ಒಣಗಿ ಮಡಚಿಯೂ ಆತು," ಎಂದಳು ದ್ಯಾವಮ್ಮ.

ಹೊತ್ತು ಮುಳುಗುವ ಮೊದಲು ಇಡೀ ಓಣಿ ನೀಲಗಂಗವ್ವನ ಬಾಗಿಲಿಗೆ ಬಂತು. ಅವಳು ಕದದ ಹಿಂದೆ ಅಡಗಿ, "ಮನ್ಯಾಗಿಲ್ಲ ಅನ್ರಿ," ಎಂದು ಗಂಡನಿಗೆ ಪಿಸುಗುಟ್ಟಿದಳು.

"ಮನ್ಯಾಗಿಲ್ಲಂತ," ಎಂದ ಅಂದಾನಪ್ಪ.

"ಬೈಯಾಕ ಬಂದಿಲ್ರಿ," ಎಂದಳು ದುರ್ಗಮ್ಮ. ಅವಳ ಕೈಯಲ್ಲಿ ದಪ್ಪನೆಯದೊಂದು ಬದನೆಕಾಯಿ ಮಿರಿಮಿರಿ ಮಿನುಗುತ್ತಿತ್ತು. "ನೀಲಗಂಗಕ್ಕಾ, ಹೊರಗ ಬರ್ರಿ. ನಾಳಿಂದು ಕೇಳಾಕ ಬಂದೇವಿ."

ನೀಲಗಂಗವ್ವನಿಗೆ ಕಿವಿ ನಂಬಲಾಗಲಿಲ್ಲ. ಸೆರಗು ಸರಿಮಾಡಿಕೊಂಡು ಹೊಸ್ತಿಲಿಗೆ ಬಂದು ಗಂಟಲು ಸರಿಪಡಿಸಿಕೊಂಡಳು. "ನಾಳೆ... ಗಾಳಿ ನೋಡಿದ್ರ... ಬಿಸಲು ಚಲೋ ಬೀಳ್ತೈತಿ."

"ಅದನ್ನ ಕೇಳಿಲ್ರಿ ಅಕ್ಕಾ. ನಾಳೆ ನೀವು ಕಾಳು ಹಾಕ್ತೀರೋ ಇಲ್ಲೋ, ಅದನ್ನಷ್ಟ ಹೇಳ್ರಿ."

ಗುಂಪನ್ನು ಸರಿಸಿಕೊಂಡು ಗುರುಶಾಂತವ್ವ ಮುಂದೆ ಬಂದಳು. ಒಂಚೂರೂ ಕುಂಟಲಿಲ್ಲ.

"ಇವತ್ತು ನನ್ನ ಮಾತು ಮೀರಿ ಎಲ್ಲಾರೂ ಹಾಳಾದ್ರಲ್ಲ, ಸಿಟ್ಟು ಬಂದು ಇವರಿಗೆಲ್ಲಾ ಖರೇ ಹೇಳಿಬಿಟ್ಟೆ ತಂಗಿ," ಎಂದಳು. "ನನ್ನ ಮೊಣಕಾಲು ನೋಯೂದು ಬಿಟ್ಟು ಮೂರು ವರ್ಷಾತು. ನಾ ನೋಡತಿದ್ದದ್ದು ನಿನ್ನ ಕಾಳು. ನೀ ಹರವಿದ್ರ ಮಳಿ, ಹರವಲಿಲ್ಲಂದ್ರ ಬಿಸಲು. ಮೊಣಕಾಲು ತಿಕ್ಕಿದ್ದು, ಪಾಪ, ನಿನಗ ಬ್ಯಾಸರ ಆಗಬಾರದಂತ."

"ನೋಡ್ರಿ, ಎಂಥಾ ಶಾಣ್ಯಾ ಹೆಣಮಗಳು!" ಎಂದು ದುರ್ಗಮ್ಮ ಗುರುಶಾಂತವ್ವನ ಕಡೆಗೆ ತಿರುಗಿದಳು. "ಮೂರು ವರ್ಷ ನಮ್ಮ ಕಣ್ಣ ಮುಂದ ಇದ್ರೂ ನಮಗ್ಯಾರಿಗರ ತಿಳೀತೇನು?" ಎನ್ನುತ್ತ ಬದನೆಕಾಯಿಯನ್ನು ಅವಳ ಕೈಯಲ್ಲಿಟ್ಟಳು. ಎಲ್ಲರೂ ಹೌದು ಹೌದು ಎನ್ನುತ್ತ, ನೀಲಗಂಗವ್ವ ಈ ವರ್ಷ ಒಂದು ಕಾಳನ್ನೂ ಅಂಗಳಕ್ಕೆ ತರಬಾರದೆಂದು ಕೈಮುಗಿದು ಕೇಳಿಕೊಂಡು, ಗುರುಶಾಂತವ್ವನ ಹಿಂದೆಯೇ ಹೊರಟುಹೋದರು.

ಗಿರೀಶ ಒಬ್ಬನೇ ಉಳಿದ.

"ಅಕ್ಕಾರ, ನನ್ನ ಕಡ್ಲಿ ಹೊಲ ಮೂಡಲ ದಿಕ್ಕಿಗೈತಿ. ಇವತ್ತಿನ ಮಳಿ ಅಲ್ಲಿಗೆ ಮುಟ್ಟಲಿಲ್ಲ, ನೆಲ ಬಾಯಿಬಿಟ್ಟೈತಿ," ಎಂದ ಮೆಲ್ಲಗೆ. "ಶುಕ್ರವಾರ ಬಂದು ಅಲ್ಲೊಂದು ಬುಟ್ಟಿ ಕಾಳು ಹರವಿ ಹೋಗ್ತೀರೇನ್ರಿ? ಟ್ರ್ಯಾಕ್ಟರ್ ಕಳಸ್ತೀನಿ. ಮೊದಲ ಚಹಾ ನಿಮಗ."

ನೀಲಗಂಗವ್ವ ಕಣ್ಣೊರೆಸಿಕೊಂಡಳು. ಹೇಗೇ ಇರಲಿ, ಕೇಳಿದ್ದು ತನ್ನನ್ನು. ಎದುರು ಮನೆಯವಳನ್ನಲ್ಲ.

"ಬರ್ತೀನಿ ತಮ್ಮಾ. ಶುಕ್ರವಾರ ಖಾತ್ರಿ ಬರ್ತೀನಿ."

ಗಿರೀಶ ಎರಡು ಹೆಜ್ಜೆ ಹೋದವನು ತಲೆ ಕೆರೆದುಕೊಳ್ಳುತ್ತ ನಿಂತ.

"ಒಂದ್ ನಿಮಿಷ ತಡೀರಿ ಅಕ್ಕಾರ," ಎಂದ. "ನೀವು ಹರವಿದ್ರ ಶುಕ್ರವಾರ ಮಳಿ ಬರ್ತೈತೋ ಇಲ್ಲೋ, ಗುರುಶಾಂತಕ್ಕಾರನ್ನ ಒಂದ್ ಮಾತು ಕೇಳಿ ಬರ್ತೀನಿ."